ಧ್ವನಿ ಎಲ್ಲಿ ನಿಂತಿತು

(ಶತಮಾನೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮುಖ್ಯಾಧ್ಯಾಪಕಿಯವರು ಮಾಡಿದ ಭಾಷಣದ ಪಾಠ)



ಶಾಲೆಯ ನೂರು ವರ್ಷಗಳ ಸಾಧನೆಯನ್ನು ಕುರಿತು ನಾನು ಮಾತನಾಡಬೇಕೆಂದು ಸಮಿತಿಯವರು ಸೂಚಿಸಿದ್ದರು. ನನಗಿಂತ ಮೊದಲು ಮಾತನಾಡಿದ ಹಿರಿಯರು ಆ ವಿಷಯವನ್ನು ನನಗಿಂತ ಚೆನ್ನಾಗಿ ಹೇಳಿ ಮುಗಿಸಿದ್ದಾರೆ. ಆದ್ದರಿಂದ ಅಧ್ಯಕ್ಷರ ಅಪ್ಪಣೆ ಪಡೆದು ಒಂದು ಸಣ್ಣ ವಿಷಯವನ್ನು ಆರಿಸಿಕೊಂಡಿದ್ದೇನೆ. ನಮ್ಮ ಪ್ರಾರ್ಥನೆಯ ತಂಬೂರಿ ಕಳೆದ ವರ್ಷ ಮೂಕವಾಯಿತು. ಅದರ ದೋಷವನ್ನು ನಾವು ಹೇಗೆ ಹುಡುಕಿದೆವು, ಮೊದಲು ಎಲ್ಲಿ ತಪ್ಪಿದೆವು, ಕೊನೆಗೆ ಯಾರು ಅದನ್ನು ಕಂಡುಹಿಡಿದರು ಎಂಬುದೇ ನನ್ನ ಮಾತಿನ ವಸ್ತು. ನಾನು ಕನ್ನಡ ಎಂ.ಎ. ಓದಿದವಳು. ವಿದ್ಯುತ್ತಿನ ವಿಷಯದಲ್ಲಿ ನನ್ನ ವಿದ್ಯೆ ಫ್ಯೂಸಿನ ತಂತಿ ಕಟ್ಟುವಲ್ಲಿಗೆ ಮುಗಿಯುತ್ತದೆ. ನಾನು ಹೇಳುವುದರಲ್ಲಿ ಸರಿ ಇರುವುದೆಲ್ಲ ನನಗೆ ಕಲಿಸಿದವರದು; ತಪ್ಪಿದ್ದರೆ ನನ್ನದು.

ನಮ್ಮ ಶಾಲೆಯಲ್ಲಿ ತಂಬೂರಿಗಳು ಎರಡು. ಒಂದು ಮರದ್ದು, ಮಿರಜಿನಲ್ಲಿ ತಯಾರಾದದ್ದು. ನಾನು ಸೇವೆಗೆ ಸೇರುವ ಮೊದಲೇ ಶಾಲೆಯಲ್ಲಿತ್ತು. ಇನ್ನೊಂದು ವಿದ್ಯುತ್ತಿನ ಪೆಟ್ಟಿಗೆ. ಮರದ ತಂಬೂರಿಯ ನಾದ ಕ್ಷೀಣಿಸಿ, ನುಡಿಸಬಲ್ಲ ಶಿಕ್ಷಕರೂ ನಿವೃತ್ತರಾದ ಮೇಲೆ ಪೆಟ್ಟಿಗೆಯನ್ನು ಕೊಂಡೆವು. ಇಂಥ ಪೆಟ್ಟಿಗೆಯ ಹಿಂದೆ ಒಬ್ಬ ಕನ್ನಡ ನಾಡಿನವರ ಶ್ರಮವಿದೆ ಎಂಬುದನ್ನು ಮಕ್ಕಳು ತಿಳಿದಿರಬೇಕು. ಬೆಂಗಳೂರಿನಲ್ಲಿ ಎಂಜಿನಿಯರರೂ ಕೊಳಲುವಾದಕರೂ ಆಗಿದ್ದ ಜಿ. ರಾಜನಾರಾಯಣ್ ಅವರು 1979ರ ಹೊತ್ತಿಗೆ ಎಲೆಕ್ಟ್ರಾನಿಕ್ ತಂಬೂರಿಯನ್ನು ಸಂಗೀತಗಾರರ ಮುಂದಿಟ್ಟರು. ಒಡನುಡಿಸುವವರಿಲ್ಲದೆ ಒಬ್ಬರೇ ಅಭ್ಯಾಸ ಮಾಡುವವರಿಗೆ ಅದು ದೊಡ್ಡ ಉಪಕಾರವಾಯಿತು. ನಮ್ಮ ಪೆಟ್ಟಿಗೆ ಬೇರೆ ಕಡೆ ತಯಾರಾದದ್ದು, ಅದಕ್ಕೂ ವಯಸ್ಸಾಗಿತ್ತು. ಅದರ ದೋಷ ವೃದ್ಧಾಪ್ಯದ್ದೇ ಹೊರತು ತಯಾರಿಸಿದವರದಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ.

ಪ್ರತಿದಿನ ಪ್ರಾರ್ಥನೆಗೆ ಮೊದಲು ಆ ಪೆಟ್ಟಿಗೆಯ ನಾದ ಧ್ವನಿವರ್ಧಕದ ಮೂಲಕ ಅಂಗಳವನ್ನು ದಾಟಿ ಬೀದಿಗೆ ಹೋಗುತ್ತಿತ್ತು. ವೀಳ್ಯದೆಲೆಯ ತೋಟಗಳಿಗೆ ಹೊರಟವರು ಅದನ್ನು ಕೇಳಿಯೇ ಹೊತ್ತು ತಿಳಿಯುತ್ತಿದ್ದರು. ಕಳೆದ ವರ್ಷ ಜೂನ್‌ನಲ್ಲಿ ಶಾಲೆ ಆರಂಭವಾದ ಕೆಲವು ದಿನಗಳಲ್ಲಿ ಏಳನೆಯ ವರ್ಗದ ಒಬ್ಬ ಹುಡುಗಿ ನನ್ನ ಕೋಣೆಗೆ ಬಂದು, "ಅಕ್ಕೋರ, ತಂಬೂರಿ ಒಳಗ ಇನ್ನೊಂದು ಸ್ವರ ಕೇಳಸ್ತದರಿ" ಎಂದಳು. ಪಟ್ಟಿಯ ಕೆಲಸದಲ್ಲಿದ್ದ ನಾನು, "ಆಗಲಿ, ವರ್ಗಕ್ಕೆ ಹೋಗು" ಎಂದೆ. ಈ ಮಾತನ್ನು ನೆನಪಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಶ್ರಾವಣದ ಹೊತ್ತಿಗೆ ಪೆಟ್ಟಿಗೆಯ ನಾದ ನಡುನಡುವೆ ಕಡಿಯತೊಡಗಿತು. ತೊದಲುವ ಮಗುವಿನಂತೆ ಒಂದು ತಂತಿಯ ಸ್ವರ ಅರ್ಧಕ್ಕೆ ನಿಂತು ಮತ್ತೆ ಮೊದಲಿನಿಂದ ಆರಂಭವಾಗುತ್ತಿತ್ತು. ಒಂದು ಬೆಳಿಗ್ಗೆ ತಂಬೂರಿಯ ನಾದ ಪೂರ್ತಿ ನಿಂತು, 'ಗುಂ' ಎಂಬ ಮಂದ್ರದ ಗೊಣಗಾಟ ಮಾತ್ರ ಉಳಿಯಿತು. ಶ್ರುತಿಯ ಆಸರೆ ತಪ್ಪಿದೊಡನೆ ಮಕ್ಕಳ ಪ್ರಾರ್ಥನೆಯೂ ತಪ್ಪಿತು. ಹಿರಿಯ ಮಕ್ಕಳು ಕೆಳಗಿನ ಸ್ಥಾಯಿಯಲ್ಲಿ, ಚಿಕ್ಕವರು ಕೂಗಿನಲ್ಲಿ, ನಡುವಿನವರು ಮೌನದಲ್ಲಿ. ಶಿಕ್ಷಕರ ಸಭೆಯಲ್ಲಿ ಒಬ್ಬರು ಹೊಸದು ಕೊಳ್ಳೋಣವೆಂದರು. ಇನ್ನೊಬ್ಬರು ಮೊಬೈಲಿನಲ್ಲೇ ತಂಬೂರಿ ಸಿಗುತ್ತದೆ, ಪೆಟ್ಟಿಗೆಯನ್ನು ಗುಜರಿಗೆ ಕೊಡೋಣವೆಂದರು. ಮೊಬೈಲಿನ ಮಾತು ಸುಳ್ಳಲ್ಲ. ಆದರೆ ಯಾರ ಮೊಬೈಲು, ಅವರು ರಜೆಯಲ್ಲಿದ್ದ ದಿನ ಏನು ಗತಿ, ಪ್ರಾರ್ಥನೆಯ ನಡುವೆ ಕರೆ ಬಂದರೆ ಏನು ಎಂಬ ಪ್ರಶ್ನೆಗಳಿಗೆ ಉತ್ತರವಿರಲಿಲ್ಲ.

ದುರಸ್ತಿಗೆ ಕಳುಹಿಸಿದೆವು. ಅಂಗಡಿಯವರು ಸ್ಪೀಕರ್ ಬದಲಿಸಿ, ಹಳೆಯದನ್ನು ಕಾಗದದಲ್ಲಿ ಸುತ್ತಿ ಪ್ರಾಮಾಣಿಕವಾಗಿ ಹಿಂದಿರುಗಿಸಿ, ಹಣ ತೆಗೆದುಕೊಂಡರು. ಪೆಟ್ಟಿಗೆ ಹಾಡಿತು. ನಾವೆಲ್ಲ ಸಂತೋಷಪಟ್ಟೆವು. ಹದಿನೈದು ದಿನಗಳ ಮೇಲೆ ಅದೇ ತೊದಲು, ಅದೇ ಗುಂಕಾರ. ಧ್ವನಿ ಸ್ಪೀಕರಿನಿಂದ ಬರುತ್ತದೆ. ಧ್ವನಿ ಬರದಿದ್ದರೆ ಸ್ಪೀಕರೇ ದೋಷಿ ಎಂದು ಅವರು ತೀರ್ಮಾನಿಸಿದ್ದರು. ಅವರನ್ನು ದೂರಲಾರೆ. ನಾನೂ ಹಾಗೆಯೇ ತೀರ್ಮಾನಿಸುವವಳು ಎಂಬುದಕ್ಕೆ ಮುಂದೆ ಸಾಕ್ಷಿ ಬರುತ್ತದೆ.

ಪೆಟ್ಟಿಗೆ ಕೈಕೊಟ್ಟಾಗ ಮರದ ತಂಬೂರಿಯ ನೆನಪಾಯಿತು. ಕಪಾಟಿನ ಮೇಲಿಂದ ಇಳಿಸಿ, ಧೂಳು ಒರೆಸಿ, ಅದನ್ನು ಮಡಿಲಲ್ಲಿಟ್ಟುಕೊಂಡು ರೈಲಿನಲ್ಲಿ ಮಿರಜಿಗೆ ಹೋದೆ. ನಮ್ಮ ಆರಗದ ನಿಲ್ದಾಣದಿಂದ ಒಂದು ಕಡೆ ಮಿರಜು, ಇನ್ನೊಂದು ಕಡೆ ಪಂಢರಪುರ. ತಂಬೂರಿಯ ದೇಹವೂ ಈ ಎರಡು ಊರುಗಳಿಂದ ಕೂಡಿದ್ದೆಂಬುದು ಅನೇಕರಿಗೆ ತಿಳಿದಿಲ್ಲ. ಅದರ ಬುರುಡೆ ಪಂಢರಪುರದ ಸೀಮೆಯಲ್ಲಿ ಬೆಳೆಯುವ ದೊಡ್ಡ ಕಾಯಿಯದು. ಕೆಲಸ ಮಿರಜಿನ ಕೈಯದು. ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಅಲ್ಲಿ ಫರೀದಸಾಹೇಬರೆಂಬವರು ಈ ಕಸುಬನ್ನು ಆರಂಭಿಸಿದರು. ಅವರದು ಶಿಕಲಗಾರರ ಮನೆತನ, ಎಂದರೆ ಕತ್ತಿ ಮುಂತಾದ ಆಯುಧಗಳಿಗೆ ಸಾಣೆ ಹಿಡಿಯುವವರು. ಸಂಸ್ಥಾನದ ಆಶ್ರಯಕ್ಕೆ ಬರುತ್ತಿದ್ದ ಕಲಾವಿದರ ಕೆಟ್ಟ ವಾದ್ಯಗಳನ್ನು ಸರಿಪಡಿಸುತ್ತಲೇ ತಯಾರಿಕೆಗೆ ಇಳಿದರೆಂದು ಆ ಓಣಿಯ ಹಿರಿಯರು ಹೇಳುತ್ತಾರೆ. ಕತ್ತಿ ಮಸೆಯುತ್ತಿದ್ದ ಮನೆತನ 'ಸತಾರಮೇಕರ್' ಎಂಬ ಹೆಸರು ಪಡೆಯಿತು. 2024ರಲ್ಲಿ ಮಿರಜಿನ ಸಿತಾರಕ್ಕೂ ತಂಬೂರಿಗೂ ಭೌಗೋಳಿಕ ಸೂಚಿಯ ಮಾನ್ಯತೆ ದೊರೆತದ್ದನ್ನು ತಾವೆಲ್ಲ ಪತ್ರಿಕೆಗಳಲ್ಲಿ ಓದಿರಬಹುದು. ಖಾನ್‌ಸಾಹೇಬ ಅಬ್ದುಲ್ ಕರೀಂ ಖಾನರು ನೆಲೆಸಿದ ಊರು ಅದು; ಅವರ ಶಿಷ್ಯರಾದ ಕುಂದಗೋಳದ ಸವಾಯಿ ಗಂಧರ್ವರ ಮೂಲಕ ಆ ಗಾಯನ ಕನ್ನಡ ನಾಡಿಗೆ ಹರಿದು, ಗಂಗೂಬಾಯಿ ಹಾನಗಲ್ಲರಂಥವರ ಕಂಠದಲ್ಲಿ ನಿಂತಿತು.

ಆ ಓಣಿಯ ಒಬ್ಬ ವೃದ್ಧ ಕುಶಲಕರ್ಮಿ ನಮ್ಮ ತಂಬೂರಿಯನ್ನು ಕೈಗೆತ್ತಿಕೊಂಡವರು ಮೊದಲು ಯಾವ ಉಪಕರಣವನ್ನೂ ಮುಟ್ಟಲಿಲ್ಲ. ಬುರುಡೆಯ ಬಾಯಿಗೆ ಮುಚ್ಚಿರುವ ತೆಳುವಾದ ಹಲಗೆಗೆ 'ತಬಲಿ' ಎನ್ನುತ್ತಾರೆ. ತಂತಿಯ ಕಂಪನವನ್ನು ದೊಡ್ಡದು ಮಾಡುವ ಧ್ವನಿಫಲಕ ಅದೇ. ಅದರ ಮೇಲೆ ಬೆರಳ ಗೆಣ್ಣಿನಿಂದ ಅಂಗುಲ ಅಂಗುಲವಾಗಿ ತಟ್ಟುತ್ತ ಬಂದರು. ಒಂದು ಅಂಚಿನಲ್ಲಿ ಸದ್ದು ಬದಲಾಯಿತು. ತಬಲಿ ಮತ್ತು ಬುರುಡೆ ಕೂಡುವ ಕಡೆ ಅಂಟು ಬಿಟ್ಟಿತ್ತು. ಕಣ್ಣಿಗೆ ಕಾಣದಷ್ಟು ಸಣ್ಣ ಬಿರುಕು. ಅಲ್ಲಿ ಒಂದು ಗುರುತು ಹಾಕಿ, ತಂತಿ ಮೀಟಿ, ಬಿರುಕಿನ ಮೇಲೆ ಹೆಬ್ಬೆರಳು ಒತ್ತಿದರು. ಒತ್ತಿದಾಗ ಬರಬರ ಸದ್ದು ನಿಂತಿತು, ಬಿಟ್ಟಾಗ ಬಂದಿತು. ಹಾಗೆ ದೋಷ ಒಂದನ್ನು ಖಚಿತಪಡಿಸಿಕೊಂಡ ಮೇಲೆ ಎರಡನೆಯದರ ಕಡೆ ತಿರುಗಿದರು.

ಎರಡನೆಯದು ಕುದುರೆಯ ದೋಷ. ತಂತಿಗಳು ಹಾಯ್ದುಹೋಗುವ ಅಗಲವಾದ ಮಣೆಗೆ ನಾವು ಕುದುರೆ ಎನ್ನುತ್ತೇವೆ, ಮಿರಜಿನವರು ಘೋಡಿ ಎನ್ನುತ್ತಾರೆ. ಎರಡು ಭಾಷೆಗಳೂ ಒಂದೇ ಪ್ರಾಣಿಯನ್ನು ಕಂಡಿವೆ. ಅದರ ಮೇಲ್ಮೈ ಸಮತಟ್ಟಾಗಿ ಕಂಡರೂ ಅತಿ ಸೂಕ್ಷ್ಮವಾದ ಬಾಗು ಉಳ್ಳದ್ದು. ಮೀಟಿದ ತಂತಿ ಆ ಬಾಗನ್ನು ಸವರಿ ಸವರಿ ಏಳುವುದರಿಂದಲೇ ತಂಬೂರಿಗೆ ಆ ಝೇಂಕಾರ. ಇದಕ್ಕೆ 'ಜವಾರಿ' ಎಂದು ಹೆಸರು. ನಮ್ಮ ಭಾಗದಲ್ಲಿ ಜವಾರಿ ಎಂದರೆ ನಾಟಿ ತಳಿ. ಜವಾರಿ ಬದನೆ, ಜವಾರಿ ಕೋಳಿ. ಈ ಜವಾರಿ ಬೇರೆ. ಆದರೂ ಒಳ್ಳೆಯ ತಂಬೂರಿಯ ನಾದಕ್ಕೆ ನಮ್ಮ ಅರ್ಥದ ಜವಾರಿಯೂ ಒಪ್ಪುತ್ತದೆ ಎಂದು ಭಾಷಾಶಿಕ್ಷಕಿಯಾಗಿ ನನಗೆ ಅನಿಸುತ್ತದೆ. ತಂತಿಯ ಕೆಳಗೆ ಕುದುರೆಯ ಮೇಲೆ ಒಂದು ನೂಲಿನ ಎಳೆ ಇರುತ್ತದೆ. ಅದನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸಿದರೆ ನಾದ ತೆರೆಯುತ್ತದೆ, ಇಲ್ಲವೆ ಮುಚ್ಚುತ್ತದೆ. ಆ ಎಳೆಯ ಹೆಸರು 'ಜೀವ'. ವರ್ಷಗಟ್ಟಲೆ ಮೀಟಿದ ತಂತಿ ಕುದುರೆಯಲ್ಲಿ ಗೆರೆ ಕೊರೆಯುತ್ತದೆ; ಗೆರೆಯಲ್ಲಿ ಸಿಕ್ಕಿಕೊಂಡ ತಂತಿ ಸವರಲಾರದು. ನಮ್ಮ ತಂಬೂರಿಗೆ ಆದದ್ದು ಅದೇ. ಅವರು ಕುದುರೆಯನ್ನು ಅರದಿಂದ ನಾಲ್ಕು ಸಲ ಉಜ್ಜುವುದು, ತಂತಿ ಏರಿಸಿ ಕೇಳುವುದು, ಮತ್ತೆ ಎರಡು ಸಲ ಉಜ್ಜುವುದು, ಕೇಳುವುದು, ಹೀಗೆ ಮಧ್ಯಾಹ್ನವೆಲ್ಲ ಕಳೆದರು. ಉಜ್ಜಿದ ಹೊತ್ತಿಗಿಂತ ಕೇಳಿದ ಹೊತ್ತು ಹೆಚ್ಚು.

ಇದರಲ್ಲಿ ವಿಜ್ಞಾನವಿದೆಯೇ ಎಂದು ಮಕ್ಕಳು ಕೇಳಿದರು. ಇದೆ. ತಂತಿಯನ್ನು ಯಾವ ಬಿಂದುವಿನಲ್ಲಿ ಮೀಟುತ್ತೇವೆಯೋ ಆ ಬಿಂದುವಿನಲ್ಲಿ ನಿಶ್ಚಲವಾಗಿರಬೇಕಾದ ಉಪಸ್ವರಗಳು ಹುಟ್ಟಲಾರವು ಎಂಬುದು ಪಾಶ್ಚಾತ್ಯ ವಿಜ್ಞಾನಿಗಳ ನಿಯಮವಾಗಿತ್ತು. ನಮ್ಮ ತಂಬೂರಿ ಮತ್ತು ವೀಣೆಗಳಲ್ಲಿ ಅವೂ ಹುಟ್ಟುತ್ತವೆ, ಅದಕ್ಕೆ ಕಾರಣ ಈ ಕುದುರೆಯ ಬಾಗು ಎಂದು ಸಿ.ವಿ. ರಾಮನ್ನರು 1921ರ ಒಂದು ಲೇಖನದಲ್ಲಿ ತೋರಿಸಿದರು. ಅವರಿಗೆ ನೊಬೆಲ್ ಪಾರಿತೋಷಕ ಬಂದದ್ದು 1930ರಲ್ಲಿ, ಬೆಳಕಿನ ಸಂಶೋಧನೆಗೆ. ಅದಕ್ಕೆ ಮುಂಚೆ ಅವರ ಕಿವಿ ಇಂಥ ಕುದುರೆಗಳ ಮೇಲಿತ್ತು.

ಮರದ ತಂಬೂರಿ ಬದುಕಿತು. ಆದರೆ ಅದನ್ನು ನುಡಿಸುತ್ತ ಪ್ರಾರ್ಥನೆ ನಡೆಸಲು ಯಾರೂ ತಯಾರಿರಲಿಲ್ಲ. ನಾನೇ ಕಲಿಯಬೇಕಾಯಿತು, ಇನ್ನೂ ಕಲಿಯುತ್ತಿದ್ದೇನೆ. ಹೀಗಾಗಿ ಪೆಟ್ಟಿಗೆಯ ಪ್ರಶ್ನೆ ಹಾಗೆಯೇ ಉಳಿಯಿತು.

ದೀಪಾವಳಿಯ ರಜೆಯಲ್ಲಿ ಶತಮಾನೋತ್ಸವದ ದೇಣಿಗೆ ಕೊಡಲೆಂದು ನಮ್ಮ ಒಬ್ಬ ಹಳೆಯ ವಿದ್ಯಾರ್ಥಿ ಬಂದರು. ಹೆಸರು ಹೇಳಬಾರದೆಂದು ಅವರ ಕಟ್ಟಪ್ಪಣೆ. ಇಲ್ಲಿಯೇ ಎಲ್ಲೋ ಹಿಂದಿನ ಸಾಲಿನಲ್ಲಿ ಕುಳಿತಿರಬೇಕು. ಕುಪವಾಡದ ಕೈಗಾರಿಕಾ ವಸಾಹತಿನಲ್ಲಿ ಯಂತ್ರಗಳ ನಿಯಂತ್ರಣ ಬೋರ್ಡುಗಳನ್ನು ದುರಸ್ತಿ ಮಾಡುವುದು ಅವರ ವೃತ್ತಿ. ಹವ್ಯಾಸ ಬೇರೆ: ನಾಣ್ಯ ಹಾಕಿ ಆಡುವ ಹಳೆಯ ವಿಡಿಯೋ ಗೇಮ್ ಯಂತ್ರಗಳ ಧ್ವನಿ ಬೋರ್ಡುಗಳಿಗೆ ಜೀವ ಕೊಡುವುದು. ನಾನು ತರುಣ ಶಿಕ್ಷಕಿಯಾಗಿದ್ದಾಗ, 1990ರ ದಶಕದ ಕೊನೆಯಲ್ಲಿ, ಇವರು ಏಳನೆಯ ವರ್ಗದಲ್ಲಿದ್ದರು. ಶಾಲೆ ತಪ್ಪಿಸಿ ಮಿರಜಿನ ಒಂದು ಗೇಮ್ ಅಂಗಡಿಯಲ್ಲಿ ಸಿಕ್ಕಿಬಿದ್ದರು. ತಂದೆಯನ್ನು ಕರೆಸಿ, "ಇವನ ಆಸೆ ಬಿಡಿರಿ" ಎಂದು ನಾನೇ ಹೇಳಿದ್ದೆ.

ಆ ಅಂಗಡಿಯಲ್ಲಿ ಆದದ್ದೇನೆಂದು ಈಗ ಹೇಳಿದರು. ಒಂದು ಯಂತ್ರ ಮೂಕವಾಗಿತ್ತು. ಚಿತ್ರ ಸರಿಯಾಗಿ ಓಡುತ್ತಿತ್ತು, ಸದ್ದಿಲ್ಲ. ಸದ್ದಿಲ್ಲದ ಆಟವನ್ನು ಯಾರೂ ಆಡುವುದಿಲ್ಲ. ಗಿರಾಕಿಗಳು ಪಕ್ಕದ ಯಂತ್ರಕ್ಕೆ ಸರದಿ ಹಚ್ಚುತ್ತಿದ್ದರು. ಇದು ನನಗೆ ಆಶ್ಚರ್ಯವೆನಿಸಿತು. ಆದರೆ ಆ ಆಟಗಳ ಇತಿಹಾಸವೇ ಹಾಗಿದೆ. 1978ರಲ್ಲಿ ಜಪಾನಿನ ಟೈಟೊ ಸಂಸ್ಥೆಗಾಗಿ ತೊಮೊಹಿರೊ ನಿಶಿಕಾಡೊ ಅವರು ರಚಿಸಿದ ಸ್ಪೇಸ್ ಇನ್‌ವೇಡರ್ಸ್ ಎಂಬ ಆಟದಲ್ಲಿ ನಾಲ್ಕೇ ನಾಲ್ಕು ಮಂದ್ರಸ್ವರಗಳು ಮತ್ತೆ ಮತ್ತೆ ಬರುತ್ತವೆ. ಶತ್ರುಗಳು ಕಡಿಮೆಯಾದಂತೆ ಅವುಗಳ ಲಯ ಏರುತ್ತದೆ, ಆಡುವವನ ಎದೆಬಡಿತವೂ ಅದರೊಂದಿಗೆ ಏರುತ್ತದೆ. ಲಯ ಏರಿಸಿ ಕೇಳುಗರನ್ನು ಹಿಡಿಯುವ ವಿದ್ಯೆ ನಮ್ಮ ಭಜನೆಯವರಿಗೂ ಗೊತ್ತಿದೆ.

ಆರಂಭದ ಯಂತ್ರಗಳಲ್ಲಿ ಸದ್ದನ್ನು ಬಿಡಿ ಬಿಡಿ ಭಾಗಗಳ ಮಂಡಲಗಳೇ ಹುಟ್ಟಿಸುತ್ತಿದ್ದವು. ಮುಂದೆ ಅನೇಕ ಯಂತ್ರಗಳಲ್ಲಿ ಧ್ವನಿಗೆಂದೇ ಬೇರೆ ಬೋರ್ಡು ಬಂದಿತು. ಮುಖ್ಯ ಬೋರ್ಡು ಅದಕ್ಕೆ ಹಾಡನ್ನು ಕಳುಹಿಸುವುದಿಲ್ಲ, ಒಂದು ಸಂಖ್ಯೆಯನ್ನು ಮಾತ್ರ ಕಳುಹಿಸುತ್ತದೆ. ಇಂತಿಷ್ಟನೆಯ ಸದ್ದು ಬೇಕು ಎಂಬ ಆಜ್ಞೆ ಅದು. ಧ್ವನಿ ಬೋರ್ಡಿನ ಸ್ವಂತ ಪ್ರೊಸೆಸರ್ ತನ್ನ ನೆನಪಿನ ಚಿಪ್ಪಿನಿಂದ ಪಾಠ ಓದಿಕೊಂಡು, ಧ್ವನಿ ಚಿಪ್ಪಿಗೆ ಸ್ವರಗಳನ್ನು ಹೇಳಿಕೊಡುತ್ತದೆ. ಎವೈ-3-8910 ಎಂಬ ಹೆಸರಾಂತ ಚಿಪ್ಪು ಒಮ್ಮೆಗೆ ಮೂರು ಸ್ವರಗಳನ್ನೂ ಸ್ಫೋಟ, ಗಾಳಿ ಮುಂತಾದವುಗಳಿಗೆ ಬೇಕಾದ ಒಂದು ಗದ್ದಲವನ್ನೂ ಹುಟ್ಟಿಸಬಲ್ಲದು. ಯಮಾಹಾದ ವೈಎಂ2151 ಎಂಟು ಸ್ವರಗಳನ್ನು ನುಡಿಸುತ್ತದೆ. ಅದು ಕೊಡುವುದು ಅಂಕಿಗಳನ್ನು, ಪಕ್ಕದ ಇನ್ನೊಂದು ಚಿಪ್ಪು ಆ ಅಂಕಿಗಳನ್ನು ವಿದ್ಯುತ್ ಅಲೆಯಾಗಿ ಬದಲಿಸುತ್ತದೆ. ಅಲ್ಲಿಂದ ಶೋಧಕ, ವಾಲ್ಯೂಮಿನ ಗುಂಡಿ, ಆಂಪ್ಲಿಫೈಯರ್, ಕೊನೆಗೆ ಸ್ಪೀಕರ್. ನಡುವೆ ಎಲ್ಲಿ ಕಡಿದರೂ ಹೊರಗಿನವನಿಗೆ ಕೇಳಿಸುವುದು ಒಂದೇ ಮೌನ.

ಆದ್ದರಿಂದ ಮೌನದ ಬಗೆಯನ್ನು ಓದಬೇಕು ಎಂದರು. ಸಂಗೀತ ಬಂದು ಗುಂಡಿನ ಸದ್ದು ಮಾತ್ರ ಬಾರದಿದ್ದರೆ ಆಂಪ್ಲಿಫೈಯರಿನ ಗೊಡವೆಗೆ ಹೋಗಬೇಕಾಗಿಲ್ಲ. ಎರಡು ಚಿಪ್ಪುಗಳ ದಾರಿ ಕೂಡುವ ಮೊದಲೇ ಒಂದು ನಿಂತಿದೆ. ಹಾಡು ಬೇರೆಯೇ ಆಗಿ ಕರ್ಕಶವಾದರೆ ನೆನಪಿನ ಚಿಪ್ಪಿನ ಮೇಲೆ ಸಂಶಯ. ಗುಂಡಿ ತಿರುವಿದಾಗ ಕರಕರ ಎಂದರೆ ಗುಂಡಿಯೊಳಗೆ ಧೂಳು. ತಟ್ಟಿದಾಗ ಬಂದು ತಾನಾಗಿ ಹೋದರೆ ಬೆಸುಗೆ ಬಿರಿದಿದೆ, ಇಲ್ಲವೆ ಚಿಪ್ಪಿನ ಕಾಲಿಗೆ ಕಿಲುಬು ಹಿಡಿದಿದೆ. ಏನೇ ಇರಲಿ, ಮೊದಲು ವಿದ್ಯುತ್ ಪೂರೈಕೆಯನ್ನು ಅಳೆಯದೆ ಮುಂದಕ್ಕೆ ಹೋಗಬಾರದು. ಆಮೇಲೆ ದಾರಿಯ ನಡುವಿಗೆ ಹೋಗಿ ಕೇಳಬೇಕು. ಒಂದು ಸಣ್ಣ ಆಂಪ್ಲಿಫೈಯರಿಗೆ ಕಂಡೆನ್ಸರ್ ಮೂಲಕ ಒಂದು ಸೂಜಿ ಜೋಡಿಸಿ, ಆ ಸೂಜಿಯನ್ನು ಬೋರ್ಡಿನ ಬಿಂದುಗಳಿಗೆ ತಾಗಿಸುತ್ತ ಹೋಗುವುದು. ನಡುವಿನಲ್ಲಿ ಹಾಡು ಕೇಳಿದರೆ ದೋಷ ಮುಂದಿನ ಅರ್ಧದಲ್ಲಿ. ಕೇಳದಿದ್ದರೆ ಹಿಂದಿನ ಅರ್ಧದಲ್ಲಿ. ಹೀಗೆ ಅರ್ಧ ಅರ್ಧ ಮಾಡುತ್ತ ಹೋದರೆ ಧ್ವನಿ ಕೇಳುವ ಕೊನೆಯ ಬಿಂದು, ಕೇಳದ ಮೊದಲ ಬಿಂದು ಎರಡೂ ಸಿಗುತ್ತವೆ. ದೋಷ ಅವೆರಡರ ನಡುವೆಯೇ ಇರಬೇಕು. ಅಲ್ಲಿಯವರೆಗೆ ಯಾವ ಭಾಗವನ್ನೂ ಕಿತ್ತು ಬದಲಿಸಬಾರದು. ಮಿರಜಿನ ಆ ವೃದ್ಧರು ತಬಲಿಯ ಮೇಲೆ ಗೆಣ್ಣಿನಿಂದ ಮಾಡಿದ ಕೆಲಸವನ್ನು ಇವರು ಸೂಜಿಯಿಂದ ಮಾಡುತ್ತಾರೆ.

ನಮ್ಮ ಪೆಟ್ಟಿಗೆಯನ್ನು ಇವರ ಮುಂದಿಟ್ಟಾಗ ಇವರು ಅದನ್ನು ಬಿಚ್ಚಲೇ ಇಲ್ಲ. ಸ್ವಿಚ್ ಒತ್ತಿ, ಸ್ಪೀಕರಿನ ಜಾಲರಿಗೆ ಬೆರಳು ತಾಗಿಸಿ, "ಗುಂ ಅನ್ನೋದು ಬರ್ತೈತಂದ್ರ ಸ್ಪೀಕರ್ ಸತ್ತಿಲ್ಲರಿ, ಆಂಪ್ಲಿಫೈಯರೂ ಸತ್ತಿಲ್ಲ. ಮೊದಲ ಸಲ ಏನು ಬದಲ ಮಾಡಿದ್ರು?" ಎಂದು ಕೇಳಿದರು. ಸ್ಪೀಕರ್ ಎಂದೆ. ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, "ಈ ಗುಂ ಯಾವಾಗಿಂದ?" ಎಂದರು. ಆಗ ನನಗೆ ಜೂನ್ ತಿಂಗಳ ಆ ಹುಡುಗಿ ನೆನಪಾದಳು. ಅವಳು ಹೇಳಿದ ಇನ್ನೊಂದು ಸ್ವರ ಇದೇ. ಪೆಟ್ಟಿಗೆ ಕೆಡುವ ಒಂದೂವರೆ ತಿಂಗಳ ಮೊದಲೇ ಅವಳ ಕಿವಿಗೆ ರೋಗ ಸಿಕ್ಕಿತ್ತು.

ರೋಗದ ವಿವರವನ್ನು ಅವರು ಮಕ್ಕಳನ್ನು ಸುತ್ತ ಕೂಡಿಸಿಕೊಂಡು ಹೇಳಿದರು. ನಮ್ಮ ಮನೆಗಳಿಗೆ ಬರುವ ವಿದ್ಯುತ್ತು ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಹರಿಯುವಂಥದು. ಪೆಟ್ಟಿಗೆಯೊಳಗೆ ಅದನ್ನು ತಗ್ಗಿಸಿ ಒಂದೇ ದಿಕ್ಕಿಗೆ ತಿರುಗಿಸಿದಾಗ ಸೆಕೆಂಡಿಗೆ 100 ಉಬ್ಬುಗಳಾಗುತ್ತವೆ. ಉಬ್ಬುಗಳ ನಡುವಿನ ತಗ್ಗನ್ನು ತುಂಬುವುದು ಒಂದು ದೊಡ್ಡ ಕಂಡೆನ್ಸರಿನ ಕೆಲಸ. ಊರಿನ ನೀರಿನ ಟಾಕಿಯಂತೆ, ಪಂಪು ನಿಂತ ಹೊತ್ತಿನಲ್ಲಿ ಅದು ಕೊಡುತ್ತದೆ. ಅದರೊಳಗೆ ದ್ರವವಿರುತ್ತದೆ, ಬಿಸಿಗೆ, ವರ್ಷಗಳಿಗೆ ಅದು ಒಣಗುತ್ತದೆ. ಟಾಕಿ ಒಣಗಿದರೆ ತಗ್ಗುಗಳು ತುಂಬುವುದಿಲ್ಲ, ಆ 100 ಉಬ್ಬುಗಳೇ ಸ್ಪೀಕರಿನಲ್ಲಿ ಗುಂ ಎನ್ನುತ್ತವೆ. ನಾದವನ್ನು ಹಿಡಿದಿಟ್ಟ ಚಿಪ್ಪಿಗೆ ಸದಾ 5 ವೋಲ್ಟ್ ಬೇಕು. ಅದನ್ನು ಕೊಡುವ 7805 ಎಂಬ ಮೂರು ಕಾಲಿನ ಭಾಗಕ್ಕೆ ತನ್ನ ಹಿಂದೆ ಕನಿಷ್ಠ 7 ವೋಲ್ಟಿನಷ್ಟಾದರೂ ಇರಬೇಕು. ತಗ್ಗು ಅದಕ್ಕಿಂತ ಕೆಳಗಿಳಿದಾಗಲೆಲ್ಲ ಚಿಪ್ಪು ಎಚ್ಚರ ತಪ್ಪಿ ಮತ್ತೆ ಮೊದಲಿನಿಂದ ಆರಂಭಿಸುತ್ತದೆ. ನಾವು ಕೇಳಿದ ತೊದಲು ಇದೇ.

ಆಮೇಲೆ ಪೆಟ್ಟಿಗೆ ಬಿಚ್ಚಿ ಮಲ್ಟಿಮೀಟರ್ ಇಟ್ಟರು. 5 ವೋಲ್ಟ್ ಇರಬೇಕಾದ ಕಡೆ ಅದಕ್ಕಿಂತ ಬಹಳ ಕಡಿಮೆ. ಅಲೆಯನ್ನು ಅಳೆಯುವ ಕಡೆಗೆ ಮೀಟರನ್ನು ತಿರುಗಿಸಿದಾಗ ಶೂನ್ಯದ ಹತ್ತಿರ ನಿಲ್ಲಬೇಕಾದ ಅಂಕಿ ಏರಿತು. ಕಂಡೆನ್ಸರಿನ ತಲೆ ಉಬ್ಬಿತ್ತು. ಅಷ್ಟಕ್ಕೆ ನಿಲ್ಲಿಸದೆ ಭೂತಗನ್ನಡಿಯಲ್ಲಿ ಅದರ ಕಾಲನ್ನು ನೋಡಿದರು. ಬೆಸುಗೆಯ ಸುತ್ತ ಕೂದಲೆಳೆಯಂಥ ವೃತ್ತಾಕಾರದ ಬಿರುಕು. ಸ್ಪೀಕರ್ ಬದಲಿಸಿದ ಮೇಲೆ ಹದಿನೈದು ದಿನ ಪೆಟ್ಟಿಗೆ ಹಾಡಿದ್ದೇಕೆಂಬ ಒಗಟು ಆಗ ಬಿಡಿಸಿತು. ಬಿಚ್ಚಿ ಮುಚ್ಚುವಾಗ ಬೋರ್ಡು ಅಲುಗಿ ಕಾಲು ತಾತ್ಕಾಲಿಕವಾಗಿ ಕೂಡಿತ್ತು. ಹೊಸ ಕಂಡೆನ್ಸರಿಗೆ ಆದ ಖರ್ಚು ಎರಡು ಕಪ್ಪು ಚಹಾದ್ದು. ಪೆಟ್ಟಿಗೆ ಹಾಡಿದಾಗ ಮಕ್ಕಳು ಚಪ್ಪಾಳೆ ತಟ್ಟಿದರು. ಇವರು ಒಂದು ಗಂಟೆ ಹಾಗೆಯೇ ಓಡಲು ಬಿಟ್ಟು, ಬಿಸಿಯಾದ ಮೇಲೆ ಮತ್ತೆ ಅಳೆದು, ಆನಂತರವೇ ತಿರುಪು ಹಾಕಿದರು.

ಇಲ್ಲಿ ಎರಡು ಮಾತು. ಕನ್ನಡದ ಭೌತವಿಜ್ಞಾನದ ಪುಸ್ತಕಗಳಲ್ಲಿ 'ಧಾರಕ' ಎಂದು ಓದುವುದೇ ಬೀದಿಯ 'ಕಂಡೆನ್ಸರ್' ಎಂದು ನಮ್ಮ ಮಕ್ಕಳಿಗೆ ಅಂದು ತಿಳಿಯಿತು. ಪರೀಕ್ಷೆಯಲ್ಲಿ ಧಾರಕದ ವ್ಯಾಖ್ಯೆ ಬರೆದವರೂ ಅದನ್ನು ಕಣ್ಣಿನಿಂದ ಕಂಡಿರಲಿಲ್ಲ. ನಾನೂ ಕಂಡಿರಲಿಲ್ಲ. ಇನ್ನೊಂದು ಎಚ್ಚರಿಕೆ: ಗೋಡೆಯ ವಿದ್ಯುತ್ತಿಗೆ ಜೋಡಿಸಿದ ಪೆಟ್ಟಿಗೆಯನ್ನು ಮಕ್ಕಳು ಯಾರೂ ಬಿಚ್ಚಕೂಡದು. ಹಳೆಯ ಗೇಮ್ ಯಂತ್ರಗಳ, ಹಳೆಯ ಟಿ.ವಿ.ಗಳ ಚಿತ್ರನಳಿಕೆಯಲ್ಲಿ 10,000 ವೋಲ್ಟಿಗೂ ಮೀರಿದ ವಿದ್ಯುತ್ತು ಸ್ವಿಚ್ ತೆಗೆದ ಮೇಲೂ ಉಳಿದಿರಬಲ್ಲದು. ತಿಳಿದವರ ಮಗ್ಗುಲಲ್ಲಿ ಕುಳಿತು ನೋಡಿರಿ.

ತಿರುಪು ಹಾಕುವಾಗ ನಾನು ಒಂದು ವಿಷಯ ಗಮನಿಸಿದೆ. ಅವರು ನನ್ನ ಮಾತು ಕೇಳಲು ಪ್ರತಿ ಸಲವೂ ಬಲಗಡೆಗೆ ಹೊರಳುತ್ತಿದ್ದರು. ಸದ್ದು ಬರುತ್ತಿದೆಯೇ ಎಂದು ನೋಡಲು ಕಿವಿಗಿಂತ ಮೊದಲು ಬೆರಳನ್ನು ಸ್ಪೀಕರಿಗೆ ಇಡುತ್ತಿದ್ದರು. ಒಮ್ಮೆ ತಿರುಪುಳಿಯ ಹಿಡಿಯನ್ನು ದವಡೆಯ ಮೂಳೆಗೆ ಒತ್ತಿಕೊಂಡಿದ್ದರು. ಏಕೆಂದು ಕೇಳಿದೆ. "ಎಡಗಿವಿ ಸಣ್ಣವ ಇದ್ದಾಗಿಂದ ಸೋರತಿತ್ತರಿ. ಬಲಗಿವೀನೂ ಆವಾಗ ಅಷ್ಟಕ್ಕಷ್ಟ" ಎಂದರು. ಆಮೇಲೆ ಚೀಲದಿಂದ ಪ್ಲಾಸ್ಟಿಕ್ ಹೊದಿಕೆಯಲ್ಲಿದ್ದ ಒಂದು ಪ್ರಗತಿಪತ್ರಕ ತೆಗೆದು ನನ್ನ ಮುಂದಿಟ್ಟರು. ದೂರಲು ತಂದದ್ದಲ್ಲ, ಸ್ಮರಣ ಸಂಚಿಕೆಗೆ ಹಳೆಯ ಕಾಗದಗಳಿದ್ದರೆ ತನ್ನಿ ಎಂದು ನಾವೇ ಪತ್ರ ಬರೆದಿದ್ದೆವು. ಅದರಲ್ಲಿ ನನ್ನ ಅಕ್ಷರ: "ಪಾಠದ ಕಡೆ ಲಕ್ಷ್ಯವಿಲ್ಲ. ಕರೆದರೂ ಉತ್ತರಿಸುವುದಿಲ್ಲ."

ರೋಗದ ಲಕ್ಷಣವನ್ನು ನಾನು ಸರಿಯಾಗಿಯೇ ಬರೆದಿದ್ದೆ, ಓದಿರಲಿಲ್ಲ. ಕರೆದರೂ ಉತ್ತರಿಸದ ಹುಡುಗನಿಗೆ ಕರೆ ತಲುಪುತ್ತಿದೆಯೇ ಎಂದು ಒಮ್ಮೆಯೂ ಹಿಂದಿನ ಬೆಂಚಿನ ಬಳಿ ನಿಂತು ನೋಡಿರಲಿಲ್ಲ. ಮಗ್ಗುಲಲ್ಲೇ ಮಿರಜು. ಡಾಕ್ಟರ್ ವಾನ್‌ಲೆಸ್ಸರು 1894ರಲ್ಲಿ ಆಸ್ಪತ್ರೆ ತೆರೆದ ಊರು. ಕರ್ನಾಟಕದ ಜಿಲ್ಲೆಗಳಿಂದಲೂ ರೋಗಿಗಳು ಹುಡುಕಿಕೊಂಡು ಬರುವ ಊರು. ರೈಲಿನಲ್ಲಿ ಅಷ್ಟು ಸಮೀಪದಲ್ಲಿದ್ದ ಚಿಕಿತ್ಸೆಗೆ ಆ ಹುಡುಗನನ್ನು ಕಳುಹಿಸದೆ, ಅದೇ ಊರಿನ ಗೇಮ್ ಅಂಗಡಿಗೆ ಹೋದದ್ದಕ್ಕೆ ಶಿಕ್ಷಿಸಿದೆ. ಗದ್ದಲದ ಆ ಅಂಗಡಿಯಲ್ಲಿ ಸದ್ದು ಬೆರಳಿಗೂ ಸಿಗುತ್ತಿತ್ತಂತೆ. ಅದಕ್ಕೇ ಅಲ್ಲಿಗೆ ಹೋಗುತ್ತಿದ್ದರಂತೆ. ನಾನು ಕ್ಷಮೆ ಕೇಳಿದೆ. "ಬಿಡ್ರಿ ಅಕ್ಕೋರ, ಚಹಾ ಆರತೈತಿ" ಎಂದರು. ಈ ಸಭೆಯ ಮುಂದೆ ಅದನ್ನು ಇನ್ನೊಮ್ಮೆ ಕೇಳುತ್ತೇನೆ. ಪ್ರಗತಿಪತ್ರಕದಲ್ಲಿ ಬರೆದದ್ದು ಮನೆಯವರೆಲ್ಲ ಓದುವಂತಿತ್ತು.

ಈ ಜೂನ್‌ನಿಂದ ನಮ್ಮ ಶಿಕ್ಷಕರು ಒಂದು ಕೆಲಸ ಮಾಡುತ್ತಿದ್ದಾರೆ. ಆರೋಗ್ಯ ಇಲಾಖೆಯ ತಪಾಸಣೆಯ ತಂಡ ಬರುವವರೆಗೆ ಕಾಯದೆ, ಪ್ರತಿ ಮಗುವಿನ ಬೆನ್ನ ಹಿಂದೆ ಒಂದು ತೋಳಿನ ಅಂತರದಲ್ಲಿ ನಿಂತು, ಒಂದು ಕಿವಿಯನ್ನು ಮುಚ್ಚಿಸಿ, ಇನ್ನೊಂದಕ್ಕೆ ಮೂರು ಅಂಕಿಗಳನ್ನು ಪಿಸುಮಾತಿನಲ್ಲಿ ಹೇಳುವುದು. ಮಗು ತಿರುಗಿ ಹೇಳಬೇಕು. ಇದು ವೈದ್ಯರ ಪರೀಕ್ಷೆಯಲ್ಲ, ಗೆಣ್ಣಿನಿಂದ ತಟ್ಟಿ ನೋಡುವಂಥದು. ಇಬ್ಬರು ಮಕ್ಕಳು ಅಂಕಿಗಳನ್ನು ಹೇಳಲಿಲ್ಲ. ಒಬ್ಬನಿಗೆ ಕಿವಿಯಲ್ಲಿ ಗುಗ್ಗೆ ಗಟ್ಟಿಯಾಗಿತ್ತು, ಒಂದೇ ದಿನದಲ್ಲಿ ಸರಿಹೋಯಿತು. ಇನ್ನೊಬ್ಬಳಿಗೆ ಮಿರಜಿನಲ್ಲಿ ಚಿಕಿತ್ಸೆ ನಡೆದಿದೆ. ಅವಳನ್ನು ಮುಂದಿನ ಬೆಂಚಿಗೆ, ಚೆನ್ನಾಗಿ ಕೇಳುವ ಕಿವಿ ಶಿಕ್ಷಕರ ಕಡೆಗೆ ಬರುವಂತೆ ಕೂಡಿಸಿದ್ದೇವೆ. ಇಬ್ಬರ ಹೆಸರಿನ ಮುಂದೆಯೂ ಹಿಂದಿನ ವರ್ಷದ ಪತ್ರಕದಲ್ಲಿ 'ಲಕ್ಷ್ಯ ಕಡಿಮೆ' ಎಂದಿತ್ತು.

ಇಂದು ಬೆಳಿಗ್ಗೆ ತಾವು ಕೇಳಿದ ಪ್ರಾರ್ಥನೆಗೆ ಎರಡೂ ತಂಬೂರಿಗಳಿದ್ದವು. ಪೆಟ್ಟಿಗೆ ಮೇಜಿನ ಮೇಲೆ, ಮರದ್ದು ನನ್ನ ಮಡಿಲಲ್ಲಿ. ಆರಂಭಕ್ಕೆ ಮುಂಚೆ ಆ ಹುಡುಗಿ, ಈಗ ಎಂಟನೆಯ ವರ್ಗ, ಪಕ್ಕಕ್ಕೆ ಬಂದು ಬಗ್ಗಿ ಹೇಳಿದಳು: "ಅಕ್ಕೋರ, ಎರಡನೇ ತಂತಿ ಒಂಚೂರು ಇಳದೈತ್ರಿ." ಅತಿಥಿಗಳು ವೇದಿಕೆ ಏರುತ್ತಿದ್ದರು. ನಾನು ಮಣಿಯನ್ನು ಸರಿಸಿ, ಮೀಟಿ, ಅವಳ ಮುಖ ನೋಡಿದೆ. ಅವಳು ಇನ್ನೂ ಸ್ವಲ್ಪ ಎಂದು ಕೈ ಮಾಡಿದಳು. ಕಾರ್ಯಕ್ರಮ ಐದು ನಿಮಿಷ ತಡವಾದದ್ದು ಆ ಕಾರಣಕ್ಕೆ.